ಪ್ರಥಮ ಪುರುಷ, ಸ್ತ್ರೀಲಿಂಗ

ನಾನು ಹೆಣ್ಣು ಎಂಬುದನ್ನು ಕಚೇರಿಗೆ ಒಪ್ಪಿಸಲು ನನಗೆ ಐದು ದಿನ ಬೇಕಾಯಿತು. ಈಗ ಇಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಅದನ್ನು ನೆನೆದರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಹಿಳೆ ಎಂಬ ಮೀಸಲಾತಿಯಲ್ಲಿ ಸಿಕ್ಕ ಜಾಗ ಅದು. ಮೂಲ ದಾಖಲೆಗಳನ್ನು ತೋರಿಸಲು ವಿಜಯಪುರಕ್ಕೆ ಬರಬೇಕೆಂದು ತಿಳಿಸಿದ್ದರು. ಒಂದು ಮಂಗಳವಾರ ಬೆಳಿಗ್ಗೆ ನಾನೂ ಅವ್ವನೂ ಹೊರಟೆವು. ನಮ್ಮದು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಒಂದು ಸಣ್ಣ ಊರು. ಅವ್ವ ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದಳು. ಆ ದಿನದ ಅಡಿಗೆಯನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮಗಳಿಗೆ ನೌಕರಿ ಕೊಡುವಾಗ ತಾನು ಎದುರಿಗಿರಬೇಕು ಎಂಬುದು ಅವಳ ಆಸೆ.

ದಾಖಲೆ ನೋಡುತ್ತಿದ್ದ ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು. ಒಂದೊಂದೇ ಕಾಗದ ತಿರುವುತ್ತ, ಸರಿ ಇದ್ದದ್ದಕ್ಕೆ ಹಸಿರು ಪೆನ್ನಿನಿಂದ ಗುರುತು ಹಾಕುತ್ತ ಬಂದವರು ಪ್ರಾಥಮಿಕ ಶಾಲೆಯ ದಾಖಲಾತಿ ನಕಲಿನ ಬಳಿ ನಿಂತರು. ಗ್ರಾಮೀಣ ಪ್ರಮಾಣಪತ್ರಕ್ಕಾಗಿ ಶಾಲೆಯಿಂದ ತೆಗೆಸಿದ್ದ ನಕಲು ಅದು. ಅವಸರದಲ್ಲಿ ತೆಗೆಸಿದ್ದೆ, ಹೆಸರು ಮತ್ತು ಹುಟ್ಟಿದ ತಾರೀಖು ಬಿಟ್ಟು ಬೇರೇನೂ ನೋಡಿರಲಿಲ್ಲ.

"ಇದು ನಿಮ್ಮದ ಏನ್ರಿ?" ಎಂದರು.

"ಹೌದ್ರಿ."

"ಇಲ್ಲಿ ಗಂಡು ಅಂತ ಐತಲ್ಲ?"

ನನ್ನ ಹೆಸರು ನಮ್ಮ ಕಡೆ ಗಂಡಿಗೂ ಹೆಣ್ಣಿಗೂ ಇಡುವಂಥದು. ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಈ ನಕಲು ನನ್ನದೋ, ಅಥವಾ ಅದೇ ಹೆಸರಿನ ಯಾರೋ ಹುಡುಗನದೋ ಎಂದು ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹಿಂದೆ ನಿಂತಿದ್ದ ಅವ್ವ ಮೇಜಿನ ತನಕ ಬಂದಳು.

"ನಾನ ಹಡದೇನ್ರಿ ಇದನ್ನ. ಹೆಣ್ಣ ಐತಿ."

ಅಧಿಕಾರಿ ನಕ್ಕರು, ಆದರೆ ಕಾಗದ ಕೆಳಗಿಡಲಿಲ್ಲ. "ನನಗೂ ಕಾಣಸ್ತೈತಿ, ಅವ್ವಾರ. ಫೈಲ್ ಮುಂದ ಹೋಗತೈತಿ, ಅಲ್ಲಿ ಕುಂತವರಿಗೆ ಕಾಣಸೂದಿಲ್ಲ" ಎಂದರು. ಆಮೇಲೆ ಏನು ತರಬೇಕೆಂದು ನಿಧಾನವಾಗಿ ಹೇಳಿ ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ಶಾಲೆಯ ಮುಖ್ಯಗುರುಗಳ ಪತ್ರ. ರಜಿಸ್ಟರಿನಲ್ಲಿ ಬರೆದ ಮಾಸ್ತರು ಬದುಕಿದ್ದರೆ ಅವರದೊಂದು ಅಫಿಡವಿಟ್. ನನ್ನದೊಂದು ಅಫಿಡವಿಟ್. ಶನಿವಾರ ಮಧ್ಯಾಹ್ನದೊಳಗೆ. ಅದು ತಪ್ಪಿದರೆ ಪಟ್ಟಿಯಲ್ಲಿ ನನ್ನ ಕೆಳಗೆ ಇದ್ದವರಿಗೆ ಜಾಗ ಹೋಗುತ್ತದೆ ಎಂದೂ ಹೇಳಿದರು. ಅದನ್ನು ಗದರಿಸಿ ಹೇಳಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬುಧವಾರ ಊರ ಶಾಲೆಯಲ್ಲಿ ಹಳೆಯ ರಜಿಸ್ಟರು ತೆಗೆಸಿದೆವು. ಈಗಿನ ಮುಖ್ಯಗುರುಗಳು ಅವ್ವನನ್ನು ದಿನಾ ನೋಡುವವರು, ತಾವೇ ಕಪಾಟಿನಿಂದ ಇಳಿಸಿ ಧೂಳು ಒರೆಸಿದರು. ಪುಟ ಸಿಕ್ಕಿತು. ಒಂದನೇ ಇಯತ್ತೆಗೆ ನಾನೂ ನನ್ನ ದೊಡ್ಡಪ್ಪನ ಮಗನೂ ಒಂದೇ ದಿನ ಸೇರಿದ್ದೆವು. ಮೇಲಿನ ಸಾಲು ಅವನದು, ಕೆಳಗಿನದು ನನ್ನದು. ಅವನ ಸಾಲಿನಲ್ಲಿ ಊರು, ತಾಲ್ಲೂಕು, ಜಾತಿ, ಗಂಡು ಎಂದು ಎಲ್ಲ ತುಂಬಿತ್ತು. ನನ್ನ ಸಾಲಿನಲ್ಲಿ ಹೆಸರು, ತಾರೀಖು ಬಿಟ್ಟರೆ ಉಳಿದ ಕಡೆಯೆಲ್ಲ ಎರಡೆರಡು ಸಣ್ಣ ಗೀಟುಗಳು, ಮೇಲಿನಂತೆಯೇ ಎಂಬ ಗುರುತು. ಊರಿಗೆ ಎರಡು ಗೀಟು, ತಾಲ್ಲೂಕಿಗೆ ಎರಡು ಗೀಟು, ಹಾಗೆಯೇ ಕೈ ನಿಲ್ಲದೆ ಗಂಡಿಗೂ ಎರಡು ಗೀಟು. ನಕಲು ತೆಗೆದವರು ಗೀಟಿದ್ದಲ್ಲೆಲ್ಲ ಅಕ್ಷರ ತುಂಬಿದ್ದರು.

ಮುಖ್ಯಗುರುಗಳು ಪತ್ರ ಬರೆದುಕೊಟ್ಟರು. ಆ ಸಾಲು ಬರೆದ ಮಾಸ್ತರು ನಿವೃತ್ತರಾಗಿ ಆಲಮೇಲದಲ್ಲಿ ಮಗನ ಮನೆಯಲ್ಲಿದ್ದಾರೆ ಎಂಬ ಸುದ್ದಿಯನ್ನೂ ಅವರೇ ಎರಡು ಮೂರು ಕಡೆ ಫೋನ್ ಮಾಡಿ ತಿಳಿದು ಹೇಳಿದರು.

ಗುರುವಾರ ಮೊದಲ ಬಸ್ಸಿಗೆ ಬಾಗೇವಾಡಿ, ಅಲ್ಲಿಂದ ಸಿಂದಗಿ, ಸಿಂದಗಿಯಿಂದ ಆಲಮೇಲ. ಮಾಸ್ತರ ಮನೆ ಊರಾಚೆ ಕಬ್ಬಿನ ಹೊಲದ ಬದಿಗಿತ್ತು. ಕಣ್ಣಿನ ಪೊರೆ ತೆಗೆಸಿ ಕೆಲವೇ ದಿನವಾಗಿತ್ತೆಂದು ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಸೊಸೆ ಚಹಾ ತಂದಿಟ್ಟಳು. ನಾನು ಎಲ್ಲ ಹೇಳಿ, ರಜಿಸ್ಟರ್ ಪುಟದ ಝೆರಾಕ್ಸ್ ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ತನಕ ತಂದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖವನ್ನೂ ಅಷ್ಟೇ ಹೊತ್ತು ನೋಡಿದರು.

ನನ್ನ ನೆನಪು ತಮಗಿಲ್ಲ ಎಂದರು. ಆ ಊರಿನಲ್ಲಿ ತಾವಿದ್ದದ್ದೇ ಒಂದೂವರೆ ವರ್ಷ, ಎಷ್ಟೋ ಹುಡುಗರು ಬಂದರು ಹೋದರು ಎಂದರು. ನೆನಪಿದೆ ಎಂದು ಬರೆಸಿದರೆ ಯಾರಿಗೇನು ನಷ್ಟ, ಹುಡುಗಿ ಹುಡುಗಿಯೇ ಅಲ್ಲವೇ ಎಂದು ಅವ್ವ ಅವರ ಕೈಹಿಡಿಯುವಂತೆ ಕೇಳಿಕೊಂಡಳು. ಮಾಸ್ತರು ತಲೆ ಅಲ್ಲಾಡಿಸಿದರು.

"ಇಲ್ಲದ್ದಕ್ಕ ಆಣಿ ಮಾಡಾಕ ಬರಂಗಿಲ್ಲ, ತಂಗಿ. ಆದ್ರ ಈ ಅಕ್ಷರ ನಂದು. ಮ್ಯಾಲಿನ ಸಾಲ ನೋಡಿ ಕೆಳಗ ಗೀಟ ಹಾಕ್ಕೋಂತ ಹೋಗೂದು ನನ್ನ ಚಾಳಿ, ಅದಕ್ಕ ನಮ್ಮ ಹೆಡ್‌ಮಾಸ್ತರ ಬೈತಿದ್ರು. ಇಷ್ಟು ನನಗ ಗೊತ್ತೈತಿ. ಇಷ್ಟಕ್ಕ ಆಣಿ ಮಾಡ್ತೇನಿ, ನಡೀರಿ."

ಅಷ್ಟು ಸಾಕಾಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇನ್ನೂ ಸ್ವಲ್ಪ ಹೇಳಬಾರದೇ ಎಂದು ಒಳಗೊಳಗೇ ಸಿಟ್ಟೂ ಬಂತು. ಆದರೂ ಆ ಕಣ್ಣಿನಲ್ಲಿ ಬಿಸಿಲಿಗೆ ನಮ್ಮ ಜೊತೆ ಬಸ್ಸು ಹತ್ತಿ ಸಿಂದಗಿಗೆ ಬಂದರಲ್ಲ, ಅದು ದೊಡ್ಡದು. ಸೊಸೆ ಒಂದು ಛತ್ರಿ ಕೊಟ್ಟು ಕಳಿಸಿದಳು.

ಸಿಂದಗಿ ಕೋರ್ಟಿನ ಹತ್ತಿರ ತಗಡಿನ ನೆರಳಿನಲ್ಲಿ ಒಬ್ಬರು ಹೆಣ್ಣು ವಕೀಲರು, ಎಲ್ಲರ ಬಾಯಲ್ಲಿ ವಕೀಲ ಬಾಯಾರು, ಮೇಜು ಹಾಕಿಕೊಂಡು ಕೂರುತ್ತಿದ್ದರು. ನೋಟರಿಯೂ ಅವರೇ. ಕೂದಲು ಅರ್ಧ ಬೆಳ್ಳಗಾಗಿತ್ತು, ದನಿ ದೊಡ್ಡದು. ಪಕ್ಕದ ಅಂಗಡಿಯಲ್ಲಿ ಅವರ ಗುಮಾಸ್ತರು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದರು. ಆ ಹೊತ್ತಿಗೆ ಅಲ್ಲಿ ಜಾತ್ರೆಯಂಥ ಗದ್ದಲ. ಗುಮಾಸ್ತರು ಯಾರದೋ ಹಳೆಯ ಅಫಿಡವಿಟ್ ತೆರೆದು, ಹೆಸರು ಊರು ಬದಲಿಸಿ, ನಡುವೆ ನಮ್ಮ ವಿಷಯ ಸೇರಿಸಿ ಅಚ್ಚು ತೆಗೆದರು. ಮಾಸ್ತರು ಮಾತ್ರ ಬಿಡಲಿಲ್ಲ. ಒಂದೊಂದು ಸಾಲನ್ನೂ ಓದಿಸಿ ಕೇಳಿದರು. 'ನನಗೆ ಚೆನ್ನಾಗಿ ನೆನಪಿದ್ದು' ಎಂಬ ಮಾತನ್ನು ತೆಗೆಸಿ, ಹುಡುಗಿಯ ನೆನಪು ತಮಗಿಲ್ಲ ಎಂದು ಸೇರಿಸಿ ಮತ್ತೊಮ್ಮೆ ಅಚ್ಚು ಮಾಡಿಸಿದರು. ಆಮೇಲೆ ಎದ್ದುನಿಂತು, ಚಪ್ಪಲಿ ಬಿಟ್ಟು, ಕೈಮುಗಿದು, ಇದರಲ್ಲಿದ್ದದ್ದೆಲ್ಲ ಖರೆ ಎಂದು ವಕೀಲ ಬಾಯಾರ ಎದುರು ಗಟ್ಟಿಯಾಗಿ ಹೇಳಿದರು. ಸುತ್ತಲಿದ್ದವರು ಮಾತು ನಿಲ್ಲಿಸಿ ಅವರನ್ನೇ ನೋಡಿದರು. ಆ ಸಡಗರದಲ್ಲಿ ನನ್ನ ಕಾಗದಕ್ಕೂ ಸಹಿ ಆಯಿತು, ಮುದ್ರೆ ಬಿತ್ತು. ನಾನು ಓದಲೇ ಇಲ್ಲ. ಮಾಸ್ತರನ್ನು ಆಲಮೇಲದ ಬಸ್ಸಿಗೆ ಹತ್ತಿಸುವ ಚಿಂತೆ ನನಗೆ.

ಶುಕ್ರವಾರ ಬೆಳಿಗ್ಗೆ ವಿಜಯಪುರದಲ್ಲಿ ಅಧಿಕಾರಿ ಮೊದಲು ಮಾಸ್ತರ ಕಾಗದ ಓದಿದರು. ಪೂರ್ತಿ ಓದಿ, ಬರೆದವರು ಲೆಕ್ಕ ಇಟ್ಟು ಮಾತಾಡುವ ಮನುಷ್ಯ ಎಂದರು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದು ಹೇಳಿದ್ದರಿಂದ ಉಳಿದದ್ದನ್ನು ನಂಬಬಹುದು ಎಂದರು. ನನಗೆ ಉಸಿರು ಬಂದಂತಾಯಿತು. ನಿನ್ನೆ ಅವರ ಮೇಲೆ ಬಂದ ಸಿಟ್ಟು ನೆನೆದು ನಾಚಿಕೆಯೂ ಆಯಿತು. ಆಮೇಲೆ ನನ್ನ ಕಾಗದ ಎತ್ತಿಕೊಂಡರು. ಕೊನೆಯ ಸಾಲಿಗೆ ಬಂದು ಗಟ್ಟಿಯಾಗಿ ಓದಿದರು. 'ಸದರಿಯವನು ನನ್ನ ಸಮಕ್ಷಮ ಹಾಜರಾಗಿ ಪ್ರಮಾಣ ಮಾಡಿರುತ್ತಾನೆ.'

"ಇಲ್ಲೂ ನೀವು ಗಂಡಸ ಆಗೀರಲ್ಲವಾ" ಎಂದರು. "ಹೆಣ್ಣು ಅಂತ ತೋರಸಾಕ ತಂದ ಕಾಗದದಾಗ ಹಿಂಗಿದ್ರ ನಾ ಹ್ಯಾಂಗ ತಗೊಳ್ಳಲಿ?"

ನಾನು ಕನ್ನಡ ಎಂ.ಎ. ಮಾಡಿದವಳು. ಕ್ರಿಯಾಪದದ ಕೊನೆಗೆ ಹತ್ತುವ ಆಖ್ಯಾತ ಪ್ರತ್ಯಯಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳು. ನನ್ನದೇ ಕಾಗದದ ಕ್ರಿಯಾಪದ ನೋಡಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಕಣ್ಣಲ್ಲಿ ನೀರು ಬಂತು. ಅವ್ವ ಬುತ್ತಿ ಬಿಚ್ಚಿದಳು. ರೊಟ್ಟಿ ಶೇಂಗಾ ಹಿಂಡಿ ತಿಂದು ಸಿಂದಗಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಆ ಗುಮಾಸ್ತರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಮಧ್ಯಾಹ್ನ ವಕೀಲ ಬಾಯಾರ ಮೇಜಿನ ಮುಂದೆ ಯಾರೂ ಇರಲಿಲ್ಲ. ಕಾಗದವನ್ನು ಅವರ ಮುಂದಿಟ್ಟು, ಕ್ರಿಯಾಪದ ತಪ್ಪಾಗಿದೆ ಎಂದೆ. ದನಿ ಗಡುಸಾಗಿಯೇ ಬಂತು. ಅವರು ನೋಡಿದರು, ವಾದ ಮಾಡಲಿಲ್ಲ. ಗುಮಾಸ್ತರನ್ನು ಕರೆದು ತೋರಿಸಿದರು. ಹಿಂದಿನ ಕಾಗದ ಗಂಡಸರದು, ಕೊನೆಯ ಸಾಲು ಬದಲಿಸಲು ಮರೆತೆ ಎಂದು ಗುಮಾಸ್ತರು ತಲೆ ಕೆರೆದುಕೊಂಡರು. ನಾನು ಜೋಡಿಸಿಟ್ಟುಕೊಂಡದ್ದೆಲ್ಲ ಆ ಮುಖ ನೋಡಿ ಎಲ್ಲೋ ಹೋಯಿತು.

ನಾನು ಏನು ಓದಿದ್ದೇನೆ ಎಂದು ವಕೀಲ ಬಾಯಾರು ಕೇಳಿದರು. ಕನ್ನಡ ಎಂದೆ. ಅವರ ಮುಖ ಅರಳಿತು.

"ಹಂಗಾದ್ರ ನಿಮಗ ಇದು ತಿಳೀತೈತಿ, ಕುಂದರ್ರಿ. ಅಫಿಡವಿಟ್ ಅಂದ್ರ ಏನು? ನಾಮಪದೋ ಕ್ರಿಯಾಪದೋ?"

ನಾಮಪದ ಎಂದೆ. ಅಲ್ಲ ಎಂದರು. ಅದು ಲ್ಯಾಟಿನ್ ಭಾಷೆಯ ಪೂರ್ಣ ಕ್ರಿಯಾಪದ, ಅದೊಂದೇ ಶಬ್ದ ಒಂದು ವಾಕ್ಯ ಎಂದರು. ಕಾನೂನು ಕಾಲೇಜಿನಲ್ಲಿ ಅವರ ಗುರುಗಳೊಬ್ಬರು ಇಂಥ ಶಬ್ದಗಳನ್ನು ಬಿಡಿಸಿ ಬಾಯಿಪಾಠ ಮಾಡಿಸುತ್ತಿದ್ದರಂತೆ. ಒಂದು ಹಳೆಯ ಕಾಗದದ ಬೆನ್ನಿಗೆ ಬರೆದು ತೋರಿಸಿದರು. ನಡುವೆ ಇರುವ 'ಫಿಡ್' ನಂಬಿಕೆ ಎಂಬ ಅರ್ಥದ ಶಬ್ದದಿಂದ ಬಂದದ್ದು. ಇಡೀ ಧಾತುವಿಗೆ ನಂಬಿಕೆಯ ಮೇಲೆ ಮಾತು ಕೊಡುವುದು, ಆಣೆ ಮಾಡುವುದು ಎಂದರ್ಥ. ಆಮೇಲೆ ಬರುವ 'ಆವಿ' ಕೆಲಸ ಮುಗಿದಿದೆ ಎಂದು ಹೇಳುತ್ತದೆ. ಕೊನೆಯ 'ಟ್' ಮಾಡಿದವರು ಯಾರೆಂದು ಹೇಳುತ್ತದೆ.

"ಅಫಿಡಾವಿ ಅಂದ್ರ ನಾ ಆಣಿ ಮಾಡೇನಿ. ಅಫಿಡಾವಿಸ್ತಿ ಅಂದ್ರ ನೀ ಮಾಡೀದಿ. ಅಫಿಡಾವಿಟ್ ಅಂದ್ರ ಮಾಡ್ಯಾನ, ಮಾಡ್ಯಾಳ, ಮಾಡೇತಿ. ಮೂರಕ್ಕೂ ಒಂದ."

ನಾನು ಕಾಗದವನ್ನು ನನ್ನ ಕಡೆ ತಿರುಗಿಸಿಕೊಂಡೆ. ಕೆಲಸ ಹೋಗುವ ಹೆದರಿಕೆಯ ನಡುವೆಯೂ ಮನಸ್ಸು ಅದರ ಹಿಂದೆ ಓಡಿತು. ನಮ್ಮ ಪ್ರಥಮ ಪುರುಷ ಏಕವಚನದಲ್ಲಿ, ಅವನು ಅವಳು ಅದು ಎನ್ನುವ ಕಡೆ, ಮಾಡಿದ್ದಾನೆ, ಮಾಡಿದ್ದಾಳೆ, ಮಾಡಿದೆ ಎಂದು ಮೂರು ದಾರಿ. ಕ್ರಿಯಾಪದ ಬಾಯಿಬಿಟ್ಟ ಕೂಡಲೇ ಗಂಡು ಹೆಣ್ಣು ಹೇಳಿಬಿಡುತ್ತದೆ. ಆ ಭಾಷೆಯ ಕ್ರಿಯಾಪದ ಅದನ್ನು ಕೇಳುವುದೇ ಇಲ್ಲ. ನಮ್ಮ ಏಕವಚನದಲ್ಲಿ ಹಾಗೆ ಇರುವುದು ನಾನು, ನೀನು ಎನ್ನುವ ಉತ್ತಮ, ಮಧ್ಯಮ ಪುರುಷ ಎರಡೇ. ನಾನು ಮಾಡಿದ್ದೇನೆ ಎಂದು ಯಾರು ಬೇಕಾದರೂ ಅನ್ನಬಹುದು. ಅದಕ್ಕೇ ಕಾಗದದ ಮೈಯೆಲ್ಲ 'ನಾನು ಮಾಡುತ್ತೇನೆ' ಎಂದು ಯಾರದಾದರೂ ಯಾರಿಗಾದರೂ ಹೊಂದಿಕೊಂಡಿತ್ತು. ನೋಟರಿ ನನ್ನ ಬಗ್ಗೆ ಬರೆಯುವ ಕೊನೆಯ ಸಾಲಿನಲ್ಲಿ ಮಾತ್ರ ಸಿಕ್ಕಿಬಿತ್ತು. ಅಫಿಡವಿಟ್ ಎಂಬ ಶಬ್ದವನ್ನು ಕನ್ನಡಕ್ಕೆ ತಂದರೆ ಆ ಒಂದು ಸಾಲೇ. ಇದನ್ನು ಹೇಳಿದಾಗ ವಕೀಲ ಬಾಯಾರು ಮೇಜು ಬಡಿದು ನಕ್ಕರು, ಇಷ್ಟು ವರ್ಷ ಮುದ್ರೆ ಒತ್ತಿದರೂ ತಮಗಿದು ಹೊಳೆದಿರಲಿಲ್ಲ ಎಂದರು.

ಗುಮಾಸ್ತರು ಅಷ್ಟರಲ್ಲಿ ಒಂದು ಉಪಾಯ ಹೇಳಿದರು. ಇನ್ನು ಮುಂದೆ ಎಲ್ಲರಿಗೂ 'ಮಾಡಿರುತ್ತಾರೆ' ಎಂದೇ ಹಾಕುತ್ತೇನೆ, ಮರ್ಯಾದೆಯೂ ಆಯಿತು, ಗಂಡು ಹೆಣ್ಣಿನ ತಕರಾರೂ ಇಲ್ಲ ಎಂದರು. ಒಳ್ಳೆಯ ಉಪಾಯವೇ. ಆದರೆ ನನ್ನ ಕಾಗದಕ್ಕೆ ಬೇಡ ಎಂದೆ. ಬಹುವಚನದ ಮರ್ಯಾದೆ ಬಿಟ್ಟು, ಆ ಒಂದು 'ಳೆ' ನನಗೆ ಬೇಕಾಗಿತ್ತು.

ವಕೀಲ ಬಾಯಾರ ನಗು ನಿಂತಿತ್ತು. ಪೆನ್ನು ಕೆಳಗಿಟ್ಟರು.

"ಒಂದ ಮಾತು. ನಿನ್ನಿ ನಾ ನಿಮಗ ಆಣಿ ಮಾಡಸಲೇ ಇಲ್ಲ. ಮಾಸ್ತರಗಾಗಿ ಎದ್ದೆ, ಆ ಗದ್ದಲದಾಗ ನಿಮ್ಮ ಕಾಗದಕ್ಕ ಸಹಿ ಹಾಕಿಬಿಟ್ಟೆ. ಮಾಡ್ಯಾನ ಅನ್ನೂದೂ ಸುಳ್ಳ, ಮಾಡ್ಯಾಳ ಅಂದಿದ್ರೂ ಸುಳ್ಳ ಆಕ್ಕಿತ್ತು."

ಆಗಲೇ ನನಗೆ ನೆನಪಾದದ್ದು. ಹೌದು, ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಸಹಿ ಹಾಕು ಎಂದಲ್ಲಿ ಹಾಕಿದ್ದೆ ಅಷ್ಟೇ. ಅವರು ಅದನ್ನು ಹೇಳಬೇಕಾಗಿರಲಿಲ್ಲ. ಹೇಳದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಆ ಕ್ರಿಯಾಪದ ಮುಗಿದ ಕೆಲಸವನ್ನು ಹೇಳುತ್ತದೆ, ಮುಗಿಯದೆ ಅದನ್ನು ಬರೆಯುವ ಹಕ್ಕು ತಮಗಿಲ್ಲ ಎಂದು ಅವರು ಅಂದಾಗ ದೊಡ್ಡ ದನಿ ತಗ್ಗಿತ್ತು.

ಹೊಸ ಕಾಗದ ಅಚ್ಚಾಯಿತು. ಕೊನೆಯ ಸಾಲಿನ ಜಾಗ ಖಾಲಿ ಬಿಡಿಸಿದರು. ಎದ್ದುನಿಂತು ಗಟ್ಟಿಯಾಗಿ ಓದಲು ಹೇಳಿದರು. ನಾನೂ ಮಾಸ್ತರಂತೆ ಚಪ್ಪಲಿ ಬಿಟ್ಟೆ. ಓದುತ್ತ ಹೋದೆ. ದಾಖಲಾತಿ ರಜಿಸ್ಟರಿನ ಆ ಸಾಲು ನನ್ನದೇ, ನಾನು ಹೆಣ್ಣು ಎಂಬಲ್ಲಿ ದನಿ ಏರಿಸಿದೆ. ಹುಟ್ಟಿದಾಗಿನಿಂದ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವ ಪ್ರಸಂಗ ಯಾರಿಗೆ ತಾನೆ ಬರುತ್ತದೆ. ಬೆಂಚಿನ ಮೇಲೆ ಕೂತಿದ್ದ ಅವ್ವ ತುಟಿ ಅಲ್ಲಾಡಿಸುತ್ತ ನನ್ನ ಜೊತೆಗೇ ಹೇಳುತ್ತಿದ್ದಳು. ಇದೆಲ್ಲ ಖರೆ ಎಂದು ಆಣೆ ಮಾಡಿ ಮುಗಿಸಿದಾಗ ಎದೆ ಹಗುರಾಗಿತ್ತು. ನಾಲ್ಕು ದಿನಗಳಲ್ಲಿ ಮೊದಲ ಸಲ, ಇನ್ನು ಏನಾದರೂ ಆಗಲಿ ಎನ್ನಿಸಿತು.

"ಈಗ ಬರೀಬಹುದು" ಎಂದು ವಕೀಲ ಬಾಯಾರು ಕೈಯಿಂದಲೇ ಬರೆದರು. 'ಮೇಲ್ಕಂಡವಳು ನನ್ನ ಸಮಕ್ಷಮ ಹಾಜರಾಗಿ ಪ್ರಮಾಣ ಮಾಡಿದ್ದಾಳೆ.' 'ಳೆ' ಬರೆಯುವಾಗ ಪೆನ್ನು ನಿಧಾನ ಮಾಡಿದರು. ಮುದ್ರೆ ಒತ್ತಿ, ಶಾಯಿ ಒಣಗಲೆಂದು ತಾವೇ ಊದಿದರು. ಫೀಸು ಕೊಡಹೋದರೆ ಕೈ ಹಿಂದಕ್ಕೆ ತಳ್ಳಿದರು.

ಶನಿವಾರ ಕಚೇರಿ ತೆರೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಅಧಿಕಾರಿ ಬಂದು ಕೂತು, ಕಾಗದ ತೆಗೆದುಕೊಂಡು ಮೊದಲು ಕೊನೆಯ ಸಾಲನ್ನೇ ನೋಡಿದರು. ಆಮೇಲೆ ಮೇಲಿನಿಂದ ಓದಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಹಸಿರು ಪೆನ್ನಿನ ಮುಚ್ಚಳ ತೆಗೆದರು. ಗುರುತು ಬಿತ್ತು. ಮಾಸ್ತರ ಕಾಗದಕ್ಕೊಂದು, ಮುಖ್ಯಗುರುಗಳ ಪತ್ರಕ್ಕೊಂದು, ಹಳೆಯ ನಕಲಿಗೊಂದು. ಎಲ್ಲವನ್ನೂ ಸೇರಿಸಿ ದಾರ ಕಟ್ಟಿ, ಸ್ಥಳ ಆರಿಸಿಕೊಳ್ಳಲು ಕರೆ ಬರುತ್ತದೆ, ಹೋಗಿ ಬನ್ನಿ ಎಂದರು.

ಇನ್ನೇನೂ ತಕರಾರು ಉಳಿದಿಲ್ಲವಷ್ಟೇ ಎಂದು ಅವ್ವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಇಲ್ಲ ಎಂದು ಅವರೂ ಎರಡು ಸಲ ಹೇಳಿದರು.

ಮುದ್ದೇಬಿಹಾಳದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಾಗೇವಾಡಿ ಯಾವಾಗ ಬಂತೋ, ನಮ್ಮೂರು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಕಂಡಕ್ಟರು ಬಂದು ಎಬ್ಬಿಸಿದಾಗ ಬಸ್ಸು ಮುದ್ದೇಬಿಹಾಳದ ನಿಲ್ದಾಣದಲ್ಲಿ ನಿಂತಿತ್ತು, ಅವ್ವ ನನ್ನ ಹೆಗಲಿಗೆ ಒರಗಿ ಬಾಯಿ ತೆರೆದು ಮಲಗಿದ್ದಳು. ಊರು ದಾಟಿ ಬಂದದ್ದಕ್ಕೆ ಅವಳು ಬೈಯುತ್ತಾಳೆಂದು ನೋಡಿದರೆ ನಗತೊಡಗಿದಳು, ನನಗೂ ತಡೆಯಲಾಗಲಿಲ್ಲ. ಕಂಡಕ್ಟರು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿ ಇಳಿದು ಹೋದರು.

ಹೇಗೂ ಬಂದದ್ದಾಯಿತು ಎಂದು ಅಪ್ಪನನ್ನು ನೋಡಲು ನಡೆದೆವು. ಅವನು ಗೌಂಡಿ. ಆ ತಿಂಗಳು ಅಲ್ಲೇ ಒಂದು ಮನೆ ಕಟ್ಟುವ ಕೆಲಸದಲ್ಲಿದ್ದ, ಫೋನ್ ಬ್ಯಾಟರಿ ಸತ್ತು ಎರಡು ದಿನದಿಂದ ಮಾತಿಗೆ ಸಿಕ್ಕಿರಲಿಲ್ಲ. ನಾವು ಹೋದಾಗ ಗೋಡೆಗೆ ಗಿಲಾವು ಮಾಡುತ್ತಿದ್ದ. ನಮ್ಮನ್ನು ಕಂಡು ಕರಣಿ ಹಿಡಿದ ಕೈ ಹಾಗೇ ನಿಂತಿತು. ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಹೆದರಿದನೆಂದು ಕಾಣುತ್ತದೆ.

"ಆತೇನು?" ಎಂದ.

"ಆತು" ಎಂದಳು ಅವ್ವ.

ಅವನು ಮೇಲಿನಿಂದ ಇಳಿದು ಬಂದು, ಬಕೆಟ್ಟಿನ ನೀರಿನಲ್ಲಿ ಮೊಣಕೈ ತನಕ ಕೈ ತೊಳೆದುಕೊಂಡ. ಆಮೇಲೆ ಮೂವರೂ ಎದುರಿನ ಹೋಟೆಲಿಗೆ ಹೋಗಿ ಬಿಸಿ ಮಿರ್ಚಿ ತಿಂದು ಚಹಾ ಕುಡಿದೆವು.